96 ಅಂಕ ಬಂದಿತ್ತು, ಮಾತು ಬಂದಿರಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಬಂದಾಗ ಆಕೆ ಬೆಂಗಳೂರಿನ ಕಾಲೇಜೊಂದರಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಳು. ಪಿಯುಸಿಯಲ್ಲಿ ಹೆಚ್ಚು ಅಂಕ ತೆಗೆಯಬಹುದೆಂದು ಮನೆಯವರು ಕನ್ನಡದ ಬದಲು ಫ್ರೆಂಚ್ ಕೊಡಿಸಿದ್ದರು, 96 ಬಂದಿತ್ತು. ಪದವಿಯಲ್ಲೂ ಅದೇ ಭಾಷೆ. ಫ್ರಾನ್ಸಿನಲ್ಲಿ ಓದುವ ಆಸೆಯಿಂದ ಫ್ರೆಂಚ್ ಭಾಷಾ ಸಾಮರ್ಥ್ಯ ಅಳೆಯುವ ಡೆಲ್ಫ್ ಪರೀಕ್ಷೆಯ ಬಿ1 ಎಂಬ ಮಧ್ಯಮ ಹಂತ ಬರೆದಳು. 100ಕ್ಕೆ 58 ಬಂದರೂ ಅನುತ್ತೀರ್ಣ. ಅಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಸಾಕು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ಮಾತಿನಲ್ಲಿ ಆಕೆಗೆ ಬಂದದ್ದು 4.

"ಇಷ್ಟು ವರ್ಷ ಅಪ್ಪನಿಗೆ ಮೋಸ ಮಾಡಿದ ಹಾಗಾಯಿತು, ಮೇಡಂ" ಎಂದು ಅತ್ತಳು.

ನೋಟ್‌ಪುಸ್ತಕ ತರಿಸಿಕೊಂಡು ನೋಡಿದೆ. ಮುತ್ತಿನಂಥ ಅಕ್ಷರ, ಪ್ರತಿ ವಾಕ್ಯದ ಕೆಳಗೆ ಇಂಗ್ಲಿಷ್ ಅನುವಾದ. 'ಅವರು ಮಾತನಾಡುತ್ತಾರೆ' ಎಂಬರ್ಥದ ಕ್ರಿಯಾಪದದ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ 'ಪಾರ್ಲೆಂಟ್' ಎಂದಿತ್ತು. ಫ್ರೆಂಚರ ಬಾಯಲ್ಲಿ ಅದು ಬರೀ 'ಪಾರ್ಲ್'. ಕೊನೆಯ ಮೂರು ಅಕ್ಷರಗಳಿಗೆ ಉಚ್ಚಾರಣೆಯೇ ಇಲ್ಲ. ಬರೆದಂತೆ ಓದುವ ಕನ್ನಡದವಳಿಗೆ ಇದು ತಾನಾಗಿ ಹೊಳೆಯುವುದಿಲ್ಲ, ಕಿವಿಗೆ ಬಿದ್ದರೆ ಮಾತ್ರ ತಿಳಿಯುತ್ತದೆ. ಆಕೆಯ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಇದ್ದದ್ದು ಅನುವಾದ, ಬಿಟ್ಟ ಸ್ಥಳಕ್ಕೆ ಕ್ರಿಯಾಪದ, ಪತ್ರಲೇಖನ. ಐದು ವರ್ಷದಲ್ಲಿ ಒಬ್ಬರೂ ಆಕೆಯ ಧ್ವನಿಗೆ ಅಂಕ ಕೊಟ್ಟಿರಲಿಲ್ಲ. ಅಧ್ಯಾಪಕರನ್ನು ದೂರಲು ನನಗೆ ಮನಸ್ಸಿಲ್ಲ, ಪರೀಕ್ಷೆ ಕೇಳಿದ್ದನ್ನು ಅವರು ಕಲಿಸಿದ್ದಾರೆ. ಆದರೆ ಇಂಥ ಪಠ್ಯಕ್ರಮ ಕಂಡಾಗ ನನಗೆ ಸಿಟ್ಟು ಬರುತ್ತದೆ. ಅದು ಮಕ್ಕಳನ್ನು ಮೂಕರಾಗಿಸಿ, ಆ ಮೌನಕ್ಕೆ ಅವರನ್ನೇ ಹೊಣೆ ಮಾಡುತ್ತದೆ.

ಮೊದಲು ಅಂಕಪಟ್ಟಿಯನ್ನೇ ಆಕೆಯ ಮುಂದಿಟ್ಟೆ: ಓದಿನಲ್ಲಿ 22, ಬರವಣಿಗೆಯಲ್ಲಿ 20. "ಇದು ನೀವೇ ದುಡಿದು ಗಳಿಸಿದ್ದು, ಮೋಸವಲ್ಲ. ಅಪ್ಪನಿಗೂ ಈ ಪಟ್ಟಿ ತೋರಿಸಿ" ಎಂದೆ.

ಆಮೇಲೆ ಅಭ್ಯಾಸದ ಕ್ರಮವನ್ನು ತಿರುಗಿಸಿದೆವು. ದಿನಕ್ಕೆ ಹದಿನೈದು ನಿಮಿಷ ಧ್ವನಿಮುದ್ರಣ ಕೇಳುವುದು, ಗಟ್ಟಿಯಾಗಿ ಹೇಳುವುದು, ಕಾಗುಣಿತ ನೋಡುವುದು ಕೊನೆಗೆ. 'ನಾವು' ಎನ್ನಲು ಪುಸ್ತಕದ 'ನು' ಒಂದೇ ಗೊತ್ತಿದ್ದವಳಿಗೆ ದಿನಬಳಕೆಯ 'ಓಂ' ರೂಢಿಸಿಕೊಳ್ಳಲು ಹೇಳಿದೆ. 'ತು', 'ವು' ವ್ಯತ್ಯಾಸಕ್ಕೆ ಹೆದರಬೇಕಿಲ್ಲ, ನಮ್ಮ ನೀನು, ನೀವು ಇದ್ದೇ ಇವೆ. ಪರೀಕ್ಷೆಯ ಮೌಖಿಕದ ಮೊದಲ ಭಾಗಕ್ಕೆ ತಯಾರಿಯ ಸಮಯ ಕೊಡುವುದಿಲ್ಲ. ಎರಡು ಮೂರು ನಿಮಿಷ ತನ್ನ ಬಗ್ಗೆಯೇ ಮಾತನಾಡಬೇಕು. ಇದನ್ನು ಕನ್ನಡಿಯ ಮುಂದಲ್ಲ, ಮನುಷ್ಯರ ಮುಂದೆ ಮಾಡಬೇಕೆಂದು ಹಟ ಹಿಡಿದೆ. ಸಹಪಾಠಿಗಳಿಬ್ಬರನ್ನು ಜೊತೆಗೆ ಕರೆದುಕೊಂಡಳು. ಅಧ್ಯಾಪಕಿಯನ್ನು ವಾರಕ್ಕೆ ಹತ್ತು ನಿಮಿಷ ಕೇಳಿಕೊಂಡಾಗ ಅವರು ಸಂತೋಷದಿಂದಲೇ ಒಪ್ಪಿದರಂತೆ.

ತಡವರಿಸಿದಾಗ ಹಿಡಿದುಕೊಳ್ಳಲು ಒಂದು ಪ್ರಶ್ನೆ ಕೊಟ್ಟಿದ್ದೆ: 'ಕೊಮಾಂ ದೀತೋಂ?' ಹೇಗೆ ಹೇಳುತ್ತಾರೆ ಎಂದರ್ಥ.

ಆರನೆಯ ವಾರ ಮೊಬೈಲ್‌ನಲ್ಲಿ ಒಂದು ಧ್ವನಿಮುದ್ರಣ ಕೇಳಿಸಿದಳು. ಉಪ್ಪಿಟ್ಟು ಮಾಡುವ ಬಗೆಯನ್ನು ಗೆಳತಿಯರಿಗೆ ಫ್ರೆಂಚಿನಲ್ಲಿ ವಿವರಿಸುತ್ತಿದ್ದಳು. ರವೆಗೆ ಬಂದಾಗ ಪದ ಸಿಗಲಿಲ್ಲ, ನಾಲ್ಕೈದು ಸೆಕೆಂಡು ನಿಶ್ಶಬ್ದ. "ಕೊಮಾಂ ದೀತೋಂ ರವೆ?" ಎಂದಳು. ಯಾರೋ "ಸೆಮೂಲ್" ಎಂದರು. ಒಗ್ಗರಣೆಗೆ ಈರುಳ್ಳಿ ಹಾಕುವುದನ್ನು ಮರೆತೆನೆಂದು ಫ್ರೆಂಚಿನಲ್ಲೇ ನಗುತ್ತಾ ಮುಂದುವರಿಸಿದಳು.