ವಾಹನ ಪ್ರಶ್ನೋತ್ತರ: ಹೊಸ ಸೈಲೆನ್ಸರ್ ಸೋರುತ್ತಿದೆ, ಬಿಗಿ ಮಾಡಿದರೂ ನಿಲ್ಲುತ್ತಿಲ್ಲ

ಕಾರಿನೊಂದಿಗೆ ಬಂದ ಸೈಲೆನ್ಸರ್ ತೆಗೆಸಿ ಹೊರಗಿನದನ್ನು ಹಾಕಿಸಿಕೊಂಡವರ ಪತ್ರಗಳು ಈ ಸಲ ಹೆಚ್ಚಾಗಿ ಬಂದಿರುವುದರಿಂದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಹತ್ತು ವರ್ಷದ ಪೆಟ್ರೋಲ್ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಹಿಂದಕ್ಕೆ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್ ಸೆಟ್ ಹಾಕಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಮುಂಭಾಗದಿಂದ ಚಟಚಟ ಸದ್ದು ಬರುತ್ತದೆ, ಹತ್ತು ನಿಮಿಷ ಓಡಿಸಿದ ಮೇಲೆ ಕಡಿಮೆಯಾಗುತ್ತದೆ. ಗ್ಯಾರೇಜಿನವರು ಮೂರು ಸಲ ಬೋಲ್ಟ್ ಬಿಗಿ ಮಾಡಿಕೊಟ್ಟರು, ನಾಲ್ಕು ದಿನಕ್ಕೆ ಮತ್ತೆ ಮೊದಲಿನಂತೆಯೇ ಆಗುತ್ತದೆ. ಸೆಟ್ಟೇ ಸರಿಯಿಲ್ಲವೇ?
(ಓದುಗರು, ಹಾಸನ)

ಉತ್ತರ: ತಣ್ಣಗಿರುವಾಗ ಕೇಳಿಸಿ, ಕಾದ ಮೇಲೆ ಅಡಗುವ ಸದ್ದು ಬಹುಮಟ್ಟಿಗೆ ಸೋರಿಕೆಯದ್ದೇ ಆಗಿರುತ್ತದೆ. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ತಣಿದಾಗ ಮತ್ತೆ ಬಾಯಿ ಬಿಡುತ್ತದೆ. ಆದರೆ ಮೂರು ಸಲ ಬಿಗಿದ ಬೋಲ್ಟ್ ಮೂರು ಸಲವೂ ಸಡಿಲವಾಯಿತೆಂದರೆ, ಆ ಬೋಲ್ಟು ಹೊರಬಾರದ ಭಾರವನ್ನು ಹೊರುತ್ತಿದೆ ಎಂದು ತಿಳಿಯಬೇಕು. ನಾಲ್ಕನೆಯ ಸಲ ಪಾನಾ ಹಾಕಿದರೆ ಥ್ರೆಡ್ ಹೋಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುತ್ತದೆ. ಕ್ಲಚ್ ಬಿಟ್ಟಾಗಲೂ ಆಕ್ಸಿಲರೇಟರ್ ಒತ್ತಿದಾಗಲೂ ಅದು ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ಹೊಗೆ ಕೊಳವೆಯ ಮುಂದಿನ ತುದಿ ಎಂಜಿನ್ನಿಗೆ ಸೇರಿದ್ದರೆ, ಉಳಿದ ಭಾಗವೆಲ್ಲ ಕಾರಿನ ತಳಕ್ಕೆ ರಬ್ಬರುಗಳಲ್ಲಿ ಜೋತುಬಿದ್ದಿರುತ್ತದೆ. ಈ ಎರಡರ ನಡುವೆ ಬಾಗುವ ಜಾಗವೊಂದು ಇರಲೇಬೇಕು. ಕೆಲವು ಕಾರುಗಳಲ್ಲಿ ಅದು ಜಾಲರಿ ಹೊದ್ದ ಫ್ಲೆಕ್ಸ್ ಪೈಪ್ ಆಗಿದ್ದರೆ, ಇನ್ನು ಕೆಲವುದರಲ್ಲಿ ಬಳೆಯಾಕಾರದ ಪ್ಯಾಕಿಂಗ್ ಮತ್ತು ಸ್ಪ್ರಿಂಗ್ ಇರುವ ಎರಡು ಬೋಲ್ಟುಗಳ ಜೋಡಣೆಯಾಗಿರುತ್ತದೆ. ನಿಮ್ಮದು ಎರಡನೆಯ ಬಗೆಯದಾದರೆ ಮೊದಲು ಆ ಸ್ಪ್ರಿಂಗುಗಳನ್ನೇ ನೋಡಿ. ಬೋಲ್ಟಿನ ಕಾಂಡದಲ್ಲಿ ಒಂದು ಮೆಟ್ಟಿಲು ಇರುತ್ತದೆ. ಬೋಲ್ಟು ಆ ಮೆಟ್ಟಿಲಿಗೆ ಬಂದು ನಿಲ್ಲುವವರೆಗೆ ಬಿಗಿದರೆ ಸಾಕು, ಆಗಲೂ ಸ್ಪ್ರಿಂಗಿನ ಸುತ್ತುಗಳ ನಡುವೆ ಬೆಳಕು ಕಾಣುತ್ತಿರಬೇಕು. ಸುತ್ತಿಗೆ ಸುತ್ತು ಅಂಟಿಕೊಂಡಿದ್ದರೆ, ಅಥವಾ ಸ್ಪ್ರಿಂಗ್ ತೆಗೆದು ಸಾಮಾನ್ಯ ನಟ್ಟು ಬೋಲ್ಟು ಹಾಕಿದ್ದರೆ, ತೊಂದರೆಯ ಮೂಲ ಅಲ್ಲಿಯೇ ಇದೆ. ಬಹಳ ವರ್ಷಗಳ ಹಿಂದೆ ನಾನೇ ಆ ತಪ್ಪು ಮಾಡಿದ್ದೆ. ತುಕ್ಕು ತಿಂದ ಸ್ಪ್ರಿಂಗ್ ಬೋಲ್ಟುಗಳ ಬದಲು ಗಟ್ಟಿಯಾದ ಸಾಧಾರಣ ಬೋಲ್ಟು ಹಾಕಿ, ಕೈಯಲ್ಲಿದ್ದ ಬಲವನ್ನೆಲ್ಲ ಬಳಸಿ ಬಿಗಿದಿದ್ದೆ. ಜೋಡಣೆ ಅಲುಗಲಿಲ್ಲ ನಿಜ, ಆದರೆ ಎಂಜಿನ್ನಿನ ತೂಗಾಟವೆಲ್ಲ ಅದರಿಂದ ಹೊಗೆ ಹೊರತರುವ ಮ್ಯಾನಿಫೋಲ್ಡಿನ ಮೇಲೆ ಬಿದ್ದು, ಕೆಲವೇ ತಿಂಗಳಲ್ಲಿ ಅದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿತು.

ಪ್ಯಾಕಿಂಗ್ ಹೊಸದೇ ಹಾಕಿದ್ದಾರೆಯೇ ಎಂದು ಕೇಳಿ. ಒಮ್ಮೆ ಒತ್ತಿ ಕಾದ ಪ್ಯಾಕಿಂಗ್ ಹಳೆಯ ಕೊಳವೆಯ ಆಕಾರಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ, ಹೊಸ ಕೊಳವೆಗೆ ಅದು ಕೂರುವುದಿಲ್ಲ. ಹೊಸ ಸೆಟ್ಟಿಗೆ ಸಾವಿರಾರು ರೂಪಾಯಿ ಕೊಟ್ಟು ಪ್ಯಾಕಿಂಗಿನಲ್ಲಿ ಉಳಿತಾಯ ಮಾಡುವುದನ್ನು ನಾನು ಪದೇ ಪದೇ ನೋಡುತ್ತೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಸೋರುವ ಜಾಗವನ್ನು ಊಹೆಯಿಂದ ಹುಡುಕಬೇಡಿ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ಬಯಲಿನಲ್ಲಿ, ಚಕ್ರಗಳಿಗೆ ಅಡ್ಡಗಟ್ಟಿ ಕೊಟ್ಟು, ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಎಂದೂ ಕೆಳಗೆ ಹೋಗಬೇಡಿ. ಎಂಜಿನ್ ಚಾಲೂ ಮಾಡಿ, ಜೊತೆಗಿರುವವರು ದಪ್ಪ ಕೈಗವಸು ತೊಟ್ಟು ಹಿಂದಿನ ಕೊಳವೆಯ ಬಾಯಿಗೆ ಒದ್ದೆ ಬಟ್ಟೆಯ ಮಡಿಕೆಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಲಿ. ಅಷ್ಟರಲ್ಲಿ ನೀವು ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಸಿಂಪಡಿಸಿದರೆ, ಸೋರುವಲ್ಲಿ ನೊರೆ ಉಬ್ಬಿ ಒಡೆಯುವುದು ಕಾಣುತ್ತದೆ. ಬಟ್ಟೆ ಒತ್ತಿದಾಗ ಎಂಜಿನ್ ಉಸಿರುಗಟ್ಟಿದಂತಾಗಿ ನಿಲ್ಲಲು ಬಂದರೆ ಸೋರಿಕೆ ಚಿಕ್ಕದು; ಏನೂ ಆಗದಂತೆ ಓಡುತ್ತಲೇ ಇದ್ದರೆ ದೊಡ್ಡದು. ಕೊಳವೆ ಕಾದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ನೀರು ಆವಿಯಾಗಿ ಹೋಗುತ್ತದೆ. ಕೆಲವು ದಿನಗಳಿಂದ ಸೋರುತ್ತಿರುವ ಜೋಡಣೆಯ ಸುತ್ತ ಬೆರಳಿಗೆ ಅಂಟುವ ಕಪ್ಪು ಮಸಿ ಗೀರಿನಂತೆ ಹರಡಿರುವುದೂ ಉಂಟು.

ಜಾಗ ಗೊತ್ತಾದ ಮೇಲೆ ಅದೊಂದನ್ನೇ ಬಿಗಿಸಬೇಡಿ. ಇಡೀ ಸೆಟ್ಟಿನ ಎಲ್ಲ ಬೋಲ್ಟು, ಕ್ಲಾಂಪುಗಳನ್ನು ಸಡಿಲಿಸಿ, ಕೊಳವೆ ರಬ್ಬರುಗಳಲ್ಲಿ ತನ್ನ ತೂಕಕ್ಕೆ ತಾನೇ ತೂಗುವಂತೆ ಬಿಡಿಸಿ. ಫ್ಲೇಂಜುಗಳ (ಬೋಲ್ಟು ಹಾಕಿ ಸೇರಿಸುವ, ಕೊಳವೆ ತುದಿಯ ತಟ್ಟೆಗಳ) ಮುಖಕ್ಕೆ ಮುಖ ಕೈಯಿಂದಲೇ ಕೂರಬೇಕು. ಸಂದಿನಲ್ಲಿ ಒಂದು ಕಡೆ ಬಾಯಿ ಬಿಟ್ಟಿದ್ದನ್ನು ಬೋಲ್ಟಿನಿಂದ ಎಳೆದು ಮುಚ್ಚಿದರೆ, ಆ ಎಳೆತ ಜೋಡಣೆಯೊಳಗೆ ಸದಾ ಉಳಿಯುತ್ತದೆ, ನಾಲ್ಕು ದಿನಕ್ಕೆ ಬೋಲ್ಟು ಸೋಲುತ್ತದೆ. ನಿಮ್ಮ ಕಾರಿನಲ್ಲಿ ಆಗುತ್ತಿರುವುದು ಇದೇ ಎಂದು ನನ್ನ ಅಂದಾಜು. ಕೊಳವೆ ಹೊಂದಿಕೊಂಡ ಮೇಲೆ ಎಂಜಿನ್ ಕಡೆಯಿಂದ ಆರಂಭಿಸಿ ಹಿಂದಕ್ಕೆ ಒಂದೊಂದಾಗಿ ಬಿಗಿಸುತ್ತ ಬರಬೇಕು. ಫ್ಲೇಂಜಿನ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ಹಳೆಯ ಪ್ಯಾಕಿಂಗಿನ ಚೂರುಗಳನ್ನೆಲ್ಲ ತೆಗೆಸಿ, ಬೋಲ್ಟುಗಳನ್ನು ಇದಕ್ಕಷ್ಟು ಅದಕ್ಕಷ್ಟು ಎಂದು ಸರದಿಯಲ್ಲಿ ಸಮನಾಗಿ ಬಿಗಿಸಿ. ಚಪ್ಪಟೆ ಫ್ಲೇಂಜುಗಳಲ್ಲಿ 8 ಮಿ.ಮೀ. ಥ್ರೆಡ್ಡಿನ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25, 10 ಮಿ.ಮೀ. ಬೋಲ್ಟಿಗೆ 40ರಿಂದ 50 ನ್ಯೂಟನ್ ಮೀಟರ್ ಸಾಕಾಗುತ್ತದೆ. ಕಾರಿನ ಅಥವಾ ಸೆಟ್ಟಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಹಾಕುವಾಗ ಥ್ರೆಡ್ಡಿಗೆ ತಾಮ್ರದ ಅಥವಾ ನಿಕ್ಕಲ್‌ನ ಆ್ಯಂಟಿ ಸೀಜ್ ಪೇಸ್ಟ್ ಸವರದಿದ್ದರೆ ಎರಡೂ ಕಚ್ಚಿಕೊಂಡು, ಮುಂದೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಪೇಸ್ಟ್ ಸವರಿದ ಥ್ರೆಡ್ಡು ಜಾರುವುದರಿಂದ ಬಿಗಿತವನ್ನು ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿಯನ್ನು ಫಿಟ್ಟಿಂಗ್ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಕಡಿಮೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಧಾರಣ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿದರೆ ಸುಮಾರು 10 ಮಿ.ಮೀ. ಉದ್ದವಾಗುತ್ತದೆ, ಅಷ್ಟೇ ಉದ್ದದ ಸಾಧಾರಣ ಉಕ್ಕು 7 ಮಿ.ಮೀ. ಮಾತ್ರ. ಆ 10 ಮಿ.ಮೀ. ಹೋಗಲು ಹಿಂದೆ ಜಾಗವಿಲ್ಲದಿದ್ದರೆ, ಕೊಳವೆ ಮುಂದಿನ ಜೋಡಣೆಯನ್ನೇ ತಳ್ಳುತ್ತದೆ. ಆದ್ದರಿಂದ ರಬ್ಬರ್ ಹ್ಯಾಂಗರುಗಳು ತಣ್ಣಗಿರುವಾಗ ಮುಂದಕ್ಕೆ ಕೊಂಚ ವಾಲಿದ್ದರೆ ಒಳ್ಳೆಯದು, ಕಾದಾಗ ನೆಟ್ಟಗಾಗುತ್ತವೆ. ಎಲ್ಲವೂ ಮುಗಿದ ಮೇಲೆ ಸುಮಾರು 100 ಕಿ.ಮೀ. ಓಡಿಸಿ, ಪೂರ್ತಿ ತಣಿದ ಮೇಲೆ ಒಮ್ಮೆ ಚಪ್ಪಟೆ ಫ್ಲೇಂಜು ಮತ್ತು ಕ್ಲಾಂಪುಗಳ ಬಿಗಿತ ನೋಡಿಸಿ. ಆ ಒಂದು ಸಲದ ಬಿಗಿತ ಸಹಜವಾದದ್ದು, ಅದರ ನಂತರವೂ ಸಡಿಲವಾದರೆ ಕೊಳವೆ ಇನ್ನೂ ಸರಿಯಾಗಿ ಕೂತಿಲ್ಲ.

ಪ್ರಶ್ನೆ: ನನ್ನ ಸೆಟ್ಟಿನಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ಹೋಗುತ್ತದೆ, ಮೇಲೆ ಯು ಆಕಾರದ ಕ್ಲಾಂಪು. ಅಲ್ಲಿಂದ ಹೊಗೆ ಬರುತ್ತಿದೆ. ಎಂ-ಸೀಲ್ ಹಚ್ಚಿದೆವು, ಒಂದು ವಾರದಲ್ಲಿ ಕರಕಲಾಗಿ ಉದುರಿತು.
(ಓದುಗರು, ಶಿರಸಿ)

ಉತ್ತರ: ಎಂ-ಸೀಲ್ ನೀರಿನ ಪೈಪಿಗೆ, ತೊಟ್ಟಿಗೆ ಒಳ್ಳೆಯದು, ಹೊಗೆ ಕೊಳವೆಯ ಶಾಖವನ್ನು ಅದು ತಾಳುವುದಿಲ್ಲ. ಸಾಮಾನ್ಯ ಸಿಲಿಕೋನ್ ಸೀಲಂಟ್ ಕೂಡ ಮುಂಭಾಗದಲ್ಲಿ ಸುಟ್ಟುಹೋಗುತ್ತದೆ, ಜೊತೆಗೆ ಅದರ ಆವಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನು ಕೆಡಿಸಬಲ್ಲದು.

ಕ್ಲಾಂಪು ಬಿಚ್ಚಿ ಮೂರು ವಿಷಯ ನೋಡಿ. ಒಳಗಿನ ಕೊಳವೆ 40ರಿಂದ 50 ಮಿ.ಮೀ. ಒಳಹೋಗಿದೆಯೇ? ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ತಳ್ಳಿದರೆ ತಿಳಿಯುತ್ತದೆ. ಎಂಜಿನ್ ಕಡೆಯ ಕೊಳವೆ ಒಳಗೆ, ಹಿಂದಿನ ಕೊಳವೆ ಹೊರಗೆ ಇದೆಯೇ? ಹಾಗಿದ್ದರೆ ಹೊಗೆ ಅಂಚಿಗೆ ಬಡಿಯದೆ ಸರಾಗವಾಗಿ ಸಾಗುತ್ತದೆ. ಹೊರ ಕೊಳವೆಯ ಬಾಯಲ್ಲಿ ಸೀಳು ಕೊಟ್ಟಿದ್ದರೆ, ಆ ಸೀಳು ಒಳಗಿನ ಕೊಳವೆ ತಲುಪಿದ ಜಾಗಕ್ಕಿಂತ ಉದ್ದವಿರಬಾರದು. ಇದ್ದರೆ ಎಷ್ಟು ಬಿಗಿದರೂ ಸೀಳಿನ ತುದಿಯಿಂದ ಹೊಗೆ ಬಂದೇ ಬರುತ್ತದೆ.

ಯು ಕ್ಲಾಂಪು ಕೊಳವೆಯನ್ನು ಎರಡು ಮೂರು ಕಡೆ ಮಾತ್ರ ಹಿಸುಕುವುದರಿಂದ ಉಳಿದ ಕಡೆ ಸಂದು ಉಳಿಯುತ್ತದೆ. ಜಜ್ಜಿ ಹೋಗಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆದು, ಅಳತೆಗೆ ಸರಿಯಾದ ಸ್ಲೀವ್ ಹಾಕಿಸಿ, ಕೊಳವೆಯ ಸುತ್ತಲೂ ಪಟ್ಟಿಯಂತೆ ಅಪ್ಪಿಕೊಳ್ಳುವ ಅಗಲದ ಬ್ಯಾಂಡ್ ಕ್ಲಾಂಪು ಬಳಸಿ. ಸೈಲೆನ್ಸರಿಗೆಂದೇ ಸಿಗುವ ಪೇಸ್ಟನ್ನು ಜೋಡಿಸುವ ಮೊದಲೇ, ಹೊಳೆಯುವಂತೆ ಉಜ್ಜಿದ ಒಳಕೊಳವೆಯ ಮೇಲೆ ತೆಳ್ಳಗೆ ಸವರಬೇಕು. ಆಮೇಲೆ ಮೇಲಿಂದ ಮೆತ್ತಿದ್ದು ನಿಲ್ಲುವುದಿಲ್ಲ. ಹಚ್ಚಿದ ಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ಮೊದಲ ಹತ್ತು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲೇ ಓಡಿಸಿ, ಇಲ್ಲದಿದ್ದರೆ ಪೇಸ್ಟ್ ಗುಳ್ಳೆಯೆದ್ದು ಒಡೆಯುತ್ತದೆ.

ಪ್ರಶ್ನೆ: ಸೈಲೆನ್ಸರ್ ಬದಲಿಸಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಸೀಟಿನಲ್ಲಿ ಹೊಗೆಯ ವಾಸನೆ ಬರುತ್ತದೆ. ನಮ್ಮ ತಾಯಿಯವರಿಗೆ ತಲೆನೋವು ಬರುತ್ತದೆ. ಎ.ಸಿ. ಹಾಕಿಕೊಂಡರೆ ಸಾಕೇ?
(ಓದುಗರು, ತುಮಕೂರು)

ಉತ್ತರ: ದಯವಿಟ್ಟು ಸರಿಯಾಗುವವರೆಗೆ ತಾಯಿಯವರನ್ನು ಆ ಕಾರಿನಲ್ಲಿ ಕೂರಿಸಬೇಡಿ. ನಿಮಗೆ ವಾಸನೆ ಬರುತ್ತಿರುವುದು ಬೇರೆ ಅನಿಲಗಳದ್ದು. ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಸೂಚನೆಗಳು, ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತದೆ. ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಥಿತಿಯಲ್ಲಿದ್ದರೆ ಒಳಬಂದ ವಿಷ ಒಳಗೇ ಸುತ್ತುತ್ತದೆ. ಗ್ಯಾರೇಜಿಗೆ ಒಯ್ಯುವಾಗ ಎಲ್ಲ ಕಿಟಕಿ ಇಳಿಸಿಕೊಂಡು ಹೋಗಿ. ಸೀಟಿನ ಕೆಳಗಿನ ಜೋಡಣೆ, ತಳದ ತಗಡಿನಲ್ಲಿರುವ ರಬ್ಬರ್ ಬಿರಡೆಗಳು, ಡಿಕ್ಕಿಯ ಬಾಗಿಲಿನ ರಬ್ಬರ್ ಅಂಚು, ಹಿಂದಿನ ಕೊಳವೆಯ ತುದಿ ಬಂಪರಿನಿಂದ ಹೊರಗೆ ಚಾಚಿದೆಯೇ ಎಂಬುದು, ಈ ನಾಲ್ಕನ್ನೂ ನೋಡಿಸಿ. ತುದಿ ಬಂಪರಿನ ಒಳಗೇ ಮುಗಿದಿದ್ದರೆ ಜೋಡಣೆಗಳು ಸರಿಯಿದ್ದರೂ ಹೊಗೆ ತಳದಲ್ಲಿ ಸುಳಿದು ಒಳನುಗ್ಗುತ್ತದೆ. ತಾಯಿಯವರ ತಲೆನೋವು ಉಳಿದಿದ್ದರೆ ವೈದ್ಯರಿಗೆ ಹೊಗೆಯ ವಿಷಯವನ್ನೂ ತಿಳಿಸಿ.

ಪ್ರಶ್ನೆ: ಹೊಸ ಸೆಟ್ ಹಾಕಿದ ಮೇಲೆ ಚೆಕ್ ಎಂಜಿನ್ ದೀಪ ಹತ್ತಿದೆ, ಮೈಲೇಜ್ ಇಳಿದಿದೆ.
(ಓದುಗರು, ದಾವಣಗೆರೆ)

ಉತ್ತರ: ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೋರಿಕೆ ಇದ್ದರೆ ಹೊಗೆ ಹೊರಹೋಗುವುದಷ್ಟೇ ಅಲ್ಲ, ಹೊಗೆಯ ಮಿಡಿತಗಳ ನಡುವಿನ ಕ್ಷಣದಲ್ಲಿ ಹೊರಗಿನ ಗಾಳಿಯನ್ನೂ ಕೊಳವೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲದೆಂದು ವರದಿ ಮಾಡುತ್ತದೆ, ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಪೆಟ್ರೋಲ್ ಸಾಲದೆಂದು ಹೇಳುವ ಪಿ0171 ಕೋಡ್ ಬಂದಿದ್ದರೆ ಹೀಗಾಗಿರುವ ಸಾಧ್ಯತೆ ಇದೆ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಹೇಳುವ ಪಿ0420 ಬಂದಿದ್ದರೆ ಕನ್ವರ್ಟರಿನ ಹಿಂದಿನ ಸೆನ್ಸರ್ ಬಳಿಯ ಜೋಡಣೆಯನ್ನೂ ಕನ್ವರ್ಟರನ್ನೂ ನೋಡಿಸಬೇಕು. ಪಿಕಪ್ ಹೆಚ್ಚುತ್ತದೆಂದು ಹೇಳಿ ಯಾರಾದರೂ ಕನ್ವರ್ಟರನ್ನೇ ತೆಗೆದಿದ್ದರೆ, ಅದನ್ನು ಮರಳಿ ಹಾಕಿಸಿ. ನಿಮ್ಮ ಬೀದಿಯ ಮಕ್ಕಳು ಉಸಿರಾಡುವ ಗಾಳಿಯನ್ನು ಕಾಯುತ್ತಿದ್ದ ಭಾಗ ಅದು.

ಪ್ರಶ್ನೆ: ಹೊಸ ಸೈಲೆನ್ಸರಿನ ಡಬ್ಬದ ತಳದಲ್ಲಿ ಸೂಜಿಯಷ್ಟು ತೂತಿದೆ, ಬೆಳಿಗ್ಗೆ ನೀರು ತೊಟ್ಟಿಕ್ಕುತ್ತದೆ. ಬೆಸುಗೆ ಹಾಕಿಸಲೇ?
(ಓದುಗರು, ಮಂಗಳೂರು)

ಉತ್ತರ: ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ತಣ್ಣನೆಯ ಕೊಳವೆಯಲ್ಲಿ ಅದು ಹನಿಗಟ್ಟಿ ಡಬ್ಬದ ತಳ ಸೇರುತ್ತದೆ, ಹೊರಹೋಗಲೆಂದೇ ತಯಾರಕರು ಆ ತೂತು ಬಿಟ್ಟಿರುತ್ತಾರೆ. ಮುಚ್ಚಿದರೆ ಡಬ್ಬ ಒಳಗಿನಿಂದ ಕೊಳೆಯುತ್ತದೆ.

ಪ್ರಶ್ನೆ: ಸದ್ದು ಜೋರಿರುವ ಸೆಟ್ ಹಾಕಿಸಿದರೆ ಪೊಲೀಸರು ಹಿಡಿಯುತ್ತಾರೆಯೇ?
(ಓದುಗರು, ಮೈಸೂರು)

ಉತ್ತರ: ಹಿಡಿಯುತ್ತಾರೆ, ಹಿಡಿಯಲೂಬೇಕು. ಪ್ರತಿಯೊಂದು ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಮೂಲ ಸೈಲೆನ್ಸರಿನಷ್ಟೇ ಮೆತ್ತಗಿರುವುದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಜೋಡಣೆಗಳ ತಾಪತ್ರಯವೇ ಬೇಡವೆಂದು ಮುಂದಿನಿಂದ ಹಿಂದಿನವರೆಗೂ ಬೆಸುಗೆ ಹಾಕಿಸಿಬಿಡಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಫ್ಲೆಕ್ಸ್ ಪೈಪ್ ಅಥವಾ ಸ್ಪ್ರಿಂಗ್ ಜೋಡಣೆಯನ್ನು ಬಿಟ್ಟು, ಹಿಂದಿನ ಒಂದೆರಡು ಕಡೆ ಬೆಸುಗೆ ಹಾಕಿಸಬಹುದು. ಆದರೆ ಮುಂದೊಮ್ಮೆ ಸೈಲೆನ್ಸರ್ ಇಳಿಸಬೇಕಾದಾಗ ಹಿಂದಿನ ಆಕ್ಸಲ್ಲಿನ ಮೇಲಿಂದ ಅಖಂಡ ಕೊಳವೆಯನ್ನು ತೆಗೆಯಲು ಆಗದೆ ಕತ್ತರಿಸಬೇಕಾಗುತ್ತದೆ, ಹಾಗಾಗಿ ಒಂದಾದರೂ ಫ್ಲೇಂಜ್ ಉಳಿಸಿಕೊಳ್ಳಿ. ಕೊಳವೆ ಕಾರಿನ ಮೇಲೆ ಸರಿಯಾಗಿ ತೂಗುತ್ತಿರುವಾಗ ಮೂರು ನಾಲ್ಕು ಕಡೆ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಮಾತ್ರ ಹಾಕಿಸಿ, ಕೆಳಗಿಳಿಸಿ ಪೂರ್ತಿ ಬೆಸುಗೆ ಮಾಡಿಸುವುದು ಸರಿಯಾದ ಕ್ರಮ. ಇದರಿಂದ ಕಿಡಿಗಳು ಪೆಟ್ರೋಲ್ ಟ್ಯಾಂಕಿನಿಂದಲೂ ದೂರ ಉಳಿಯುತ್ತವೆ. ಟ್ಯಾಕ್ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ಸ್ಟೇನ್‌ಲೆಸ್ಸಿಗೆ ಸಾಧಾರಣ ಉಕ್ಕು ಸೇರಿಸುವುದಾದರೆ 309ಎಲ್ ಕಡ್ಡಿಯಿಂದ ಟಿಗ್ ಬೆಸುಗೆ ಹಾಕುವವರ ಬಳಿಗೇ ಹೋಗಿ. ಸಾಧಾರಣ ಉಕ್ಕಿನ ಕಡ್ಡಿಯಲ್ಲಿ ಹಾಕಿದ ಬೆಸುಗೆ ಮೊದಲು ತುಕ್ಕು ಹಿಡಿಯುತ್ತದೆ, ಆಮೇಲೆ ಅದರ ಅಂಚಿನಲ್ಲೇ ಬಿರಿಯುತ್ತದೆ.