ಒಡೆತನವನ್ನು ಎಲ್ಲಿಟ್ಟರು ಎಂಬುದನ್ನು ನೋಡಿ

ಪ್ರಶ್ನೆ: ನಾನು ವಾಣಿಜ್ಯ ವಿಭಾಗದ ಉಪನ್ಯಾಸಕ. ಉದ್ಯಮಿಗಳ ನಾಯಕತ್ವದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ನಾರಾಯಣ ಮೂರ್ತಿ, ಅಜೀಂ ಪ್ರೇಮ್‌ಜಿ ಅವರ ಹೆಸರನ್ನೇ ಹೇಳುತ್ತಾರೆ. ಇಬ್ಬರೂ ಸರಳ ಜೀವಿಗಳು ಎಂಬಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ಇವರ ನಡುವಿನ ನಿಜವಾದ ವ್ಯತ್ಯಾಸವೇನು? ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮೂರ್ತಿಯವರ ಮಾತನ್ನು ತರಗತಿಯಲ್ಲಿ ಹೇಗೆ ವಿವರಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸರಳತೆ ವ್ಯಕ್ತಿಯ ಗುಣ, ನಾಯಕತ್ವವನ್ನು ಅಳೆಯಲು ಅದು ಸಾಲದು. ಅವರು ಕಂಪನಿಯ ಒಡೆತನವನ್ನು ಏನು ಮಾಡಿದರು ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಚರ್ಚೆ ಬೇರೆಯೇ ದಾರಿ ಹಿಡಿಯುತ್ತದೆ.

1981ರಲ್ಲಿ ಪುಣೆಯಲ್ಲಿ ಮೂರ್ತಿಯವರೂ ಸೇರಿ ಏಳು ಮಂದಿ ಎಂಜಿನಿಯರುಗಳು ಕಟ್ಟಿದ ಸಾಫ್ಟ್‌ವೇರ್ ಕಂಪನಿ ಇನ್ಫೋಸಿಸ್ 1993ರಲ್ಲಿ ಷೇರು ಪೇಟೆಗೆ ಬಂತು. ಮರುವರ್ಷವೇ ನೌಕರರಿಗೂ ಷೇರು ನೀಡುವ ಯೋಜನೆ ಆರಂಭವಾಯಿತು. ಸಂಬಳದಲ್ಲೇ ಬದುಕುವುದು ರೂಢಿಯಾಗಿದ್ದ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಒಡೆತನದ ಪಾಲು ಹೀಗೆ ತಲುಪಿತು. ಮೂರ್ತಿಯವರ ದೊಡ್ಡ ಕೊಡುಗೆ ಇದೇ ಎಂದು ನಾನು ನಂಬುತ್ತೇನೆ. ಆದರೆ ಒಡೆತನ ಹಂಚಿದಷ್ಟು ಸುಲಭವಾಗಿ ಪ್ರಭಾವವನ್ನು ಬಿಟ್ಟುಕೊಡಲಾಗುವುದಿಲ್ಲ. ನಿವೃತ್ತರಾಗಿದ್ದ ಅವರು 2013ರಲ್ಲಿ ಮತ್ತೆ ಬಂದು ಒಂದು ವರ್ಷ ಚುಕ್ಕಾಣಿ ಹಿಡಿದರು. 2017ರಲ್ಲಿ ಅವರ ಕುಟುಂಬದ ಪಾಲು ಶೇ. 4ಕ್ಕಿಂತ ಕಡಿಮೆಯಿದ್ದರೂ ಆಡಳಿತದ ಬಗ್ಗೆ ಅವರೆತ್ತಿದ ಆಕ್ಷೇಪಗಳು ದೊಡ್ಡ ವಿವಾದವಾಗಿ, ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ಸಹಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು.

ಪ್ರೇಮ್‌ಜಿ ಅವರದು ತದ್ವಿರುದ್ಧ ಹಾದಿ. 1966ರಲ್ಲಿ ತಂದೆ ತೀರಿಕೊಂಡಾಗ 21ರ ಹರೆಯದಲ್ಲಿ, ಸ್ಟ್ಯಾನ್‌ಫರ್ಡ್‌ನ ಓದನ್ನು ನಡುವೆಯೇ ಬಿಟ್ಟು ಬಂದು ಮುಂದೆ ವಿಪ್ರೋ ಎಂದು ಹೆಸರಾದ ಅಡುಗೆ ಎಣ್ಣೆಯ ಕಂಪನಿಯನ್ನು ವಹಿಸಿಕೊಂಡವರು, 2019ರವರೆಗೂ ಅದರ ಹಿಡಿತವನ್ನು ಬಿಗಿಯಾಗಿಯೇ ಇಟ್ಟುಕೊಂಡರು. ಆದರೆ ಆ ಹೊತ್ತಿಗೆ ಕಂಪನಿಯ ಶೇ. 67ರಷ್ಟು ಷೇರುಗಳ ಆದಾಯ ಅವರ ದತ್ತಿಗೆ ಮೀಸಲಾಗಿತ್ತು. ಅವರ ಪ್ರತಿಷ್ಠಾನವು ಸರ್ಕಾರಿ ಶಾಲೆಗೆ ಎದುರಾಗಿ ಖಾಸಗಿ ಶಾಲೆಗಳ ಸರಪಳಿ ಕಟ್ಟುವ ಬದಲು, ಯಾದಗಿರಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಕೆಲಸ ಮಾಡುವುದನ್ನು ಆರಿಸಿಕೊಂಡಿತು. ನಮ್ಮ ರಾಜ್ಯದ ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಸಿಗುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು 2024ರಲ್ಲಿ ಒಪ್ಪಂದ ಮಾಡಿಕೊಂಡದ್ದೂ ಇದೇ ಪ್ರತಿಷ್ಠಾನ. ಮಕ್ಕಳ ತಟ್ಟೆಗೆ ಮೊಟ್ಟೆ ಬಂದದ್ದು ನನಗೆ ಅಪಾರ ಸಂತೋಷ ಕೊಟ್ಟಿದೆ. ಜೊತೆಗೊಂದು ಆತಂಕವೂ ಇದೆ: ಒಪ್ಪಂದದ ಅವಧಿ ಮೂರು ವರ್ಷ. ಸರ್ಕಾರ ಹೊರಬೇಕಾದ ಹೊಣೆಯೊಂದು ದಾನಿಯ ಮನಸ್ಸನ್ನು ಅವಲಂಬಿಸುವ ಸ್ಥಿತಿ ಬರಬಾರದು.

ಇನ್ನು 70 ಗಂಟೆಯ ಮಾತು. 2023ರ ಅಕ್ಟೋಬರಿನಲ್ಲಿ ಮೂರ್ತಿಯವರು ಅದನ್ನು ಹೇಳಿದಾಗ ದೇಶದ ಯುವಜನರ ಬಗೆಗಿನ ಕಾಳಜಿಯಿಂದಲೇ ಹೇಳಿದರು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನಾನು ಆ ಮಾತನ್ನು ಒಪ್ಪಲಾರೆ. ಸ್ಥಾಪಕರು ಹಗಲಿರುಳು ದುಡಿದಾಗ ಅವರದೇ ಪಾಲು ಬೆಳೆಯುತ್ತಿತ್ತು. ಇಂದು ಕೆಲಸಕ್ಕೆ ಸೇರುವ ಹುಡುಗಿಗೆ ಹೆಚ್ಚುವರಿ ಗಂಟೆಗಳಿಂದ ಅಂಥ ಪಾಲೇನೂ ಸಿಗುವುದಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರದ ದುಡಿಮೆಗೆ 48 ಗಂಟೆಗಳ ಮಿತಿ ಹಾಕಿದೆ. ಸಾಮಾನ್ಯ ಮಾಲೀಕನೊಬ್ಬ ಆ ಮಿತಿಯನ್ನು ಮೀರಿದರೆ ಅದು ತಪ್ಪೆಂದು ಎಲ್ಲರಿಗೂ ಕಾಣುತ್ತದೆ. ಜನ ಗೌರವಿಸುವ ಹಿರಿಯರೊಬ್ಬರು ಅದನ್ನೇ ಆದರ್ಶವೆಂದರೆ, ಮೇಲ್ವಿಚಾರಕರಿಗೆ ಅದು ಸಮರ್ಥನೆಯಾಗಿ ಒದಗುತ್ತದೆ. ಕಾಯ್ದೆಯ ಒಂದು ಪ್ರತಿಯನ್ನು ತರಗತಿಗೆ ಒಯ್ದು, ಅದನ್ನೂ ಮೂರ್ತಿಯವರ ಮಾತನ್ನೂ ಒಟ್ಟಿಗೇ ಚರ್ಚೆಗಿಡಿ.