ಸ್ಯಾಕ್ಸೊಫೋನ್ ಮನೋಧರ್ಮ (ಸ್ಥಳದಲ್ಲೇ ಕಲ್ಪಿಸಿ ನುಡಿಸುವ ಸಂಗೀತ): ಮನೆಯಲ್ಲೇ ಅಭ್ಯಾಸ, ಮನೆಯಲ್ಲೇ ರೆಕಾರ್ಡಿಂಗ್

ಪ್ರಶ್ನೆ: ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಮೋಹನ ರಾಗದ ಆಲಾಪನೆ ನುಡಿಸಿ ಫೋನಿನಲ್ಲಿ ಹಿಡಿದೆ. ಕೆಳಗಿನ ಸ್ವರಗಳು ಒಡೆದಂತಿವೆ, ಮೇಲಿನವು ಸೊರಗಿವೆ. ಮೈಕ್ ಕೊಳ್ಳಬೇಕೆ?
– ಓದುಗರು, ಪುತ್ತೂರು

ಉತ್ತರ: ಕೊಳ್ಳುವ ಮೊದಲು ಫೋನಿನ ಜಾಗ ಬದಲಿಸಿ. ನೀವು ಬಹುಶಃ ಬೆಲ್‌ನ (ವಾದ್ಯದ ಅರಳಿದ ತುದಿಯ) ಬಾಯಿಗೇ ಹಿಡಿದಿದ್ದೀರಿ. ತೀರಾ ಕೆಳಗಿನ ಒಂದೆರಡು ಸ್ವರ ಬಿಟ್ಟರೆ ಉಳಿದವುಗಳ ದನಿ ಹೆಚ್ಚಾಗಿ ತೆರೆದ ರಂಧ್ರಗಳಿಂದಲೇ ಹೊರಡುತ್ತದೆ. ಆದ್ದರಿಂದ ಬೆಲ್ ಅಂಚಿಗೂ ಎಡಗೈ ಕೀಗಳಿಗೂ ನಡುವೆ ಗುರಿಯಿಟ್ಟು, ಎರಡು ಅಡಿ ದೂರದಲ್ಲಿ ನಿಲ್ಲಿಸಿ. ಫೋನಿನ ರೆಕಾರ್ಡರ್ ದನಿಯನ್ನು ತಾನೇ ಏರಿಸಿ ಇಳಿಸುತ್ತಿದ್ದರೆ ಅದನ್ನು ಆಫ್ ಮಾಡಿ. ಹಾಗೆ ಮಾಡಲು ಬಿಡದ ಆ್ಯಪ್ ಬೇಡ. ನಿಮ್ಮ ಅತಿ ಜೋರಿನ ತಾರ ಷಡ್ಜ (ಮೇಲಿನ ಸ) ನುಡಿಸಿದಾಗ ರೆಕಾರ್ಡರಿನ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. 24 ಬಿಟ್ ವೇವ್ ಫೈಲ್ ಸಾಕು. ಬರಿಗೋಡೆಯ ಕಡೆಗೆ ಮುಖ ಮಾಡಬೇಡಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ನಿಲ್ಲಿ. ಫ್ಯಾನ್ ಆರಿಸಿ. ರಿವರ್ಬ್ (ಕೃತಕ ಅನುರಣನ) ಹಚ್ಚುವ ಆಸೆ ಸದ್ಯಕ್ಕೆ ಬಿಡಿ, ಅದು ತಪ್ಪುಗಳನ್ನೆಲ್ಲ ಮುಚ್ಚಿಡುತ್ತದೆ.

ಪ್ರಶ್ನೆ: ಶುರುವಿನಲ್ಲಿ ಶ್ರುತಿ ಸರಿ ಇರುತ್ತದೆ, ಆಲಾಪನೆ ಮುಗಿಯುವಾಗ ತಂಬೂರಿಗಿಂತ ಮೇಲಿರುತ್ತೇನೆ. ಯಾಕೆ?
– ಓದುಗರು, ಉಡುಪಿ

ಉತ್ತರ: ಎರಡು ಕಾರಣ. ಉಸಿರಿಗೆ ವಾದ್ಯ ಬಿಸಿಯಾದಂತೆ ಶ್ರುತಿ ಏರುತ್ತದೆ. ದಣಿದ ದವಡೆ ರೀಡನ್ನು (ಮೌತ್‌ಪೀಸಿನಲ್ಲಿ ಕಂಪಿಸುವ ಪಟ್ಟಿಯನ್ನು) ಕಚ್ಚಿದಾಗಲೂ ಏರುತ್ತದೆ. ಹತ್ತು ನಿಮಿಷ ಊದಿದ ಮೇಲೆಯೇ ಶ್ರುತಿ ಕೂಡಿಸಿ. ಏರಿದ್ದರೆ ಮೌತ್‌ಪೀಸನ್ನು ಕಾರ್ಕ್‌ನಿಂದ ಒಂದೆರಡು ಮಿಲಿಮೀಟರ್ ಹೊರಗೆಳೆಯಿರಿ. ಷಡ್ಜ ಒಂದನ್ನೇ ನೋಡಿದರೆ ಸಾಲದು, ಪಂಚಮ, ತಾರ ಷಡ್ಜಗಳನ್ನೂ ನೋಡಿ. ಆಲ್ಟೊದಲ್ಲಿ ಸಿ ಬೆರಳಿಗೆ ಷಡ್ಜ ಇಟ್ಟರೆ ಕೇಳುವುದು ಇ ಫ್ಲಾಟ್, ಅಂದರೆ ಎರಡೂವರೆ ಕಟ್ಟೆ (ಮನೆ) ಶ್ರುತಿ. ತಂಬೂರಿ ಅಲ್ಲಿಗೇ ಇರಲಿ. ಅದನ್ನು ಒಂದೇ ಕಿವಿಗೆ ಇಯರ್‌ಫೋನಿನಲ್ಲಿ ಕೇಳಿ, ಇನ್ನೊಂದು ಕಿವಿ ನಿಮ್ಮ ದನಿಗಿರಲಿ. ಸ್ಪೀಕರಿನಲ್ಲಿ ಹಾಕಿದರೆ ಅದು ಮೈಕಿಗೂ ಸೇರುತ್ತದೆ, ಆಮೇಲೆ ಬೇರ್ಪಡಿಸಲಾಗದು. ಗಟ್ಟಿ ರೀಡ್ ಕಟ್ಟಿ ಗಮಕಕ್ಕೆ ಒದ್ದಾಡುವವರೂ ಇದ್ದಾರೆ: ಎರಡು ಅಥವಾ ಎರಡೂವರೆ ನಂಬರಿಗೆ ಇಳಿಯಿರಿ. ತುಟಿ ಸಡಿಲಿಸಿ ಸ್ವರವನ್ನು ಇಳಿಸಬಹುದು, ಬಿಗಿದು ಏರಿಸುವುದು ಕಷ್ಟ. ಹಾಗಾಗಿ ಜಾರನ್ನು (ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು) ಮೇಲಿನ ಸ್ವರದಿಂದ ಕೆಳಕ್ಕೆ ಕಲಿಯುವುದು ಮೊದಲು.

ಪ್ರಶ್ನೆ: ಕಲ್ಪನಾಸ್ವರ (ತಾಳಕ್ಕೆ ಕಲ್ಪಿಸಿ ನುಡಿಸುವ ಸ್ವರಗಳು) ಎರಡು ಆವರ್ತ (ತಾಳದ ಸುತ್ತು) ದಾಟಿದರೆ ಹೇಳಿದ್ದನ್ನೇ ಹೇಳುತ್ತೇನೆ.
– ಓದುಗರು, ಮೈಸೂರು

ಉತ್ತರ: ಸಾಮಗ್ರಿ ಕಡಿಮೆ ಮಾಡಿಕೊಳ್ಳಿ, ಹೆಚ್ಚಲ್ಲ. ಮೋಹನದಲ್ಲಿ ಒಂದು ವಾರ ಗಾಂಧಾರದಲ್ಲೇ ನಿಲ್ಲುವ ಸಂಚಾರ (ಸ್ವರಗುಚ್ಛ) ಮಾತ್ರ, ಮುಂದಿನ ವಾರ ಪಂಚಮ. ಆಮೇಲೆ ಲೆಕ್ಕ. ಆದಿತಾಳ ಚತುರಶ್ರ ನಡೆಯಲ್ಲಿ (ಅಕ್ಷರಕ್ಕೆ ನಾಲ್ಕು ಮಾತ್ರೆ) ಆವರ್ತಕ್ಕೆ 32 ಮಾತ್ರೆ. ‘ಧಪಗರಿಸ’ವನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆಯೊಂದಿಗೆ (ಬಿಡುವಿನೊಂದಿಗೆ) ನುಡಿಸಿದರೆ 19 ಆಗುತ್ತದೆ. ಸಮಕ್ಕೆ (ತಾಳದ ಮೊದಲ ಏಟಿಗೆ) ಎತ್ತುಗಡೆ (ಆರಂಭ) ಇರುವ ಕೃತಿಯಾದರೆ ಮೊದಲ 13 ಮಾತ್ರೆ ನಿಮ್ಮ ಸ್ವಂತ ಮಾತಿಗೆ, ಉಳಿದದ್ದು ಮುಕ್ತಾಯಕ್ಕೆ. ಐದು ನಿಮಿಷ ರೆಕಾರ್ಡ್ ಮಾಡಿ ಮರುದಿನ ಕೇಳಿ, ತಾಳ ಹಾಕುತ್ತಾ. ಅದೇ ದಿನ ಕೇಳಿದರೆ ಬೆರಳಿನ ನೆನಪೇ ಕಿವಿಗೆ ಹೇಳಿಕೊಡುತ್ತದೆ. ಮರಳಿ ಮರಳಿ ಬಂದ ಸಂಚಾರ ಬರೆದಿಟ್ಟು ಒಂದು ವಾರ ಅದಕ್ಕೆ ರಜೆ ಕೊಡಿ.

ಪ್ರಶ್ನೆ: ಬೆಲ್‌ಗೆ ಬಟ್ಟೆ ತುರುಕಿದರೆ ಪಕ್ಕದ ಮನೆಯವರಿಗೆ ಕೇಳಿಸದಲ್ಲ?
– ಓದುಗರು, ಬೆಂಗಳೂರು

ಉತ್ತರ: ಕೇಳಿಸುತ್ತದೆ. ರಂಧ್ರಗಳು ತೆರೆದೇ ಇವೆಯಲ್ಲ. ಮೇಲಾಗಿ ಕೆಳಗಿನ ಸ್ವರಗಳ ಶ್ರುತಿ ಕೆಡುತ್ತದೆ. ಕಿಟಕಿ ಸಂದು ಮುಚ್ಚಿ, ಹಾಸಿಗೆಯೊಂದನ್ನು ಪಕ್ಕದ ಮನೆಯ ಗೋಡೆಗೆ ಒರಗಿಸಿ, ನುಡಿಸುವ ಹೊತ್ತನ್ನು ಅವರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಿ.